ಎಳನೀರಿನ ಸೀಮೆಯಲ್ಲಿ ಬಾಟಲಿಯ ಬಾಯಾರಿಕೆ

ವೈಶಾಖದ ಬಿಸಿಲು ನೆತ್ತಿಯನ್ನು ಸುಡುವ ಹೊತ್ತು. ಬೆಂಗಳೂರು–ಮೈಸೂರು ರೈಲುದಾರಿಯಲ್ಲಿ ಮಂಡ್ಯವನ್ನು ದಾಟಿದೊಡನೆ ಬರುವ ಪುಟ್ಟ ನಿಲ್ದಾಣ ಯಲಿಯೂರು. ವೇಗದ ಗಾಡಿಗಳು ಇದರತ್ತ ಕಣ್ಣೆತ್ತಿಯೂ ನೋಡದೆ ಓಡಿಹೋಗುತ್ತವೆ. ಪ್ಯಾಸೆಂಜರ್ ಗಾಡಿ ಮಾತ್ರ ನಿಂತು, ನಾಲ್ಕಾರು ಜನರನ್ನು ಇಳಿಸಿ, ನಾಲ್ಕಾರು ಜನರನ್ನು ಹತ್ತಿಸಿಕೊಂಡು ಮುಂದೆ ಸಾಗುತ್ತದೆ.

ಇಳಿದವನ ಗಂಟಲು ಒಣಗಿರುತ್ತದೆ. ಸುತ್ತ ಕಣ್ಣಾಡಿಸಿದರೆ ಅವನಿಗೆ ಕಾಣುವುದು ಮಂಡ್ಯದ ಸೀಮೆಯ ಸಂಪತ್ತು: ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತ ತೆಂಗಿನ ಮರಗಳು, ಆಳೆತ್ತರ ಬೆಳೆದ ಕಬ್ಬು, ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಹಸು. ಅಡಿಗೆಯ ಮನೆಗಳಲ್ಲಿ ರಾಗಿಹಿಟ್ಟಿಗೆ ಕೊರತೆಯಿಲ್ಲ. ಆದರೆ ಬಾಯಾರಿದ ಆ ಪ್ರಯಾಣಿಕ ಇವಾವುದನ್ನೂ ಅರಸುವುದಿಲ್ಲ. ನೇರವಾಗಿ ಅಂಗಡಿಗೆ ನಡೆದು, ಫ್ರಿಜ್ಜಿನಿಂದ ಬಣ್ಣದ ಬಾಟಲಿಯೊಂದನ್ನು ತೆಗೆಸಿ, ನಾಲ್ಕೇ ಗುಟುಕಿಗೆ ಬರಿದುಮಾಡುತ್ತಾನೆ. ಅರ್ಧ ಗಂಟೆ ಕಳೆಯುವುದರೊಳಗೆ ಅವನಿಗೆ ಮತ್ತೆ ಬಾಯಾರಿಕೆ.

ಇದು ಯಲಿಯೂರೊಂದರ ಕಥೆಯಲ್ಲ. ಕನ್ನಡನಾಡಿನ ಯಾವ ಹಳ್ಳಿಯ ಅಂಗಡಿಯ ಮುಂದೆ ನಿಂತರೂ ಇದೇ ನೋಟ. ಆದರೆ ಈ ಸೀಮೆಯಲ್ಲಿ ಅದು ವಿಶೇಷವಾದ ವಿಪರ್ಯಾಸವಾಗಿ ತೋರುತ್ತದೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಬೆಂಗಾಡಾಗಿದ್ದ ನೆಲ ಕಬ್ಬಿನ ತೋಟವಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅಂದಿನಿಂದ ಮಂಡ್ಯವೆಂದರೆ ಸಕ್ಕರೆಯ ನಾಡು. ನೀರೂ ಇಲ್ಲಿಯದೇ, ಸಕ್ಕರೆಯೂ ಇಲ್ಲಿಯದೇ. ಅವೆರಡನ್ನೂ ಬೆರೆಸಿ, ಬಣ್ಣ ಕೂಡಿಸಿ, ಅನಿಲ ತುಂಬಿ, ಮುಚ್ಚಳ ಹಾಕಿ ದೂರದ ಹೆಸರಿಟ್ಟು ತಂದುಕೊಟ್ಟರೆ ಇಲ್ಲಿಯ ರೈತನೇ ಹಣ ತೆತ್ತು ಕುಡಿಯುತ್ತಾನೆ!

ಬಾಟಲಿ ಬಂದ ಬಗೆ

ನೀರಿಗೆ ಅನಿಲವನ್ನು ಕೂಡಿಸುವ ಕಲೆ ಹಳೆಯದು. 1767ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಈ ವಿಧಾನವನ್ನು ಕಂಡುಕೊಂಡನು. ಅವನದು ಬರಿಯ ಸೋಡಾ. ಸಕ್ಕರೆಯ ಸೋಂಕು ಅದಕ್ಕಿರಲಿಲ್ಲ. 1872ರಲ್ಲಿ ಹಿರಾಮ್ ಕಾಡ್ ಎಂಬಾತ ಗೋಲಿಯೇ ಮುಚ್ಚಳವಾಗಿರುವ ಸೀಸೆಗೆ ಹಕ್ಕುಪತ್ರ ಪಡೆದನು. ಹಬ್ಬ ಜಾತ್ರೆಗಳಲ್ಲಿ ‘ಟಪ್’ ಎಂದು ಸದ್ದು ಮಾಡಿ ಮಕ್ಕಳ ಮನಸ್ಸನ್ನು ಸೆಳೆದ ನಮ್ಮ ಗೋಲಿ ಸೋಡಾ ಅದರ ಸಂತಾನವೇ. 1886ರಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಔಷಧ ವ್ಯಾಪಾರಿ ಜಾನ್ ಪೆಂಬರ್ಟನ್ ಸಿದ್ಧಪಡಿಸಿದ ಕೋಕಾ ಕೋಲಾ ಮುಂದೆ ಜಗತ್ತನ್ನೆಲ್ಲ ಸುತ್ತಿ ಭಾರತಕ್ಕೂ ಬಂದಿತು.

1977ರಲ್ಲಿ ಜನತಾ ಸರ್ಕಾರದ ಕಾಲದಲ್ಲಿ ಆ ಕಂಪನಿ ನಮ್ಮ ದೇಶವನ್ನು ಬಿಟ್ಟು ಹೋಯಿತು. ಆಗ ಅದರ ಸ್ಥಾನವನ್ನು ತುಂಬಲು ಕೇಂದ್ರ ಸರ್ಕಾರವೇ ಒಂದು ಪಾನೀಯವನ್ನು ಹೊರತಂದಿತು. ಅದರ ಸೂತ್ರವನ್ನು ರೂಪಿಸಿದ್ದು, ಯಲಿಯೂರಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ. ಚೆಲುವಾಂಬ ಹೆಸರಿನ ಭವ್ಯ ಭವನದಲ್ಲಿ 1950ರಲ್ಲಿ ಆರಂಭವಾದ ಸಂಸ್ಥೆ ಅದು. ವರ್ಷದ ನೆನಪಿಗೆ ಆ ಪಾನೀಯಕ್ಕೆ ‘ಡಬಲ್ ಸೆವೆನ್’ ಎಂದು ಹೆಸರಿಟ್ಟರು. ಆದರೆ ಅದು ಬಹುಕಾಲ ಬಾಳಲಿಲ್ಲ. 1993ರಲ್ಲಿ ಹೊರಗಿನ ಕೋಲಾ ಮತ್ತೆ ಒಳಗೆ ಬಂದಿತು.

ಈ ಪ್ರಸಂಗದಲ್ಲಿ ಒಂದು ಪಾಠವುಂಟು. ಅಂದು ನಾವು ಹುಡುಕಿದ್ದು ಸ್ವದೇಶಿ ಕೋಲಾವನ್ನೇ ಹೊರತು ಸ್ವದೇಶಿ ಪಾನೀಯವನ್ನಲ್ಲ. ಸಕ್ಕರೆ ನೀರಿನ ಬದಲಿಗೆ ಇನ್ನೊಂದು ಸಕ್ಕರೆ ನೀರು ಬಂದರೆ ಹಣ ಯಾರ ಜೇಬಿಗೆ ಹೋಗುವುದೆಂಬುದು ಬದಲಾದೀತು. ಕುಡಿಯುವವನ ದೇಹಕ್ಕೆ ಅದರಿಂದ ಯಾವ ಲಾಭವೂ ಇಲ್ಲ.

ಸಕ್ಕರೆಯ ಲೆಕ್ಕ

ದೇಹದ ಲೆಕ್ಕವನ್ನು ಸರಳವಾಗಿ ಹೀಗೆ ಹೇಳಬಹುದು. ಸಾಮಾನ್ಯವಾದ ಕೋಲಾದಲ್ಲಿ 100 ಮಿಲಿಲೀಟರಿಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 300 ಮಿಲಿಲೀಟರಿನ ಬಾಟಲಿಯೊಂದನ್ನು ಬರಿದುಮಾಡಿದವನು 30 ಗ್ರಾಂಗೂ ಮಿಗಿಲಾದ ಸಕ್ಕರೆಯನ್ನು, ಎಂದರೆ ಆರೇಳು ಟೀ ಚಮಚಗಳಷ್ಟನ್ನು, ನುಂಗಿದಂತಾಯಿತು. ಕಾಫಿಗೆ ಯಾರಾದರೂ ಏಳು ಚಮಚ ಸಕ್ಕರೆ ಹಾಕಿದರೆ ಮನೆಯವರು ಗಾಬರಿಗೊಳ್ಳುವರು. ಬಾಟಲಿಯಲ್ಲಿ ತಣ್ಣನೆಯ ಚಳಿ ಮತ್ತು ಹುಳಿ ಆ ಸಿಹಿಯನ್ನು ಮರೆಸುವುದರಿಂದ ಯಾರಿಗೂ ಗಾಬರಿಯಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ, ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸಗಳ ಸಕ್ಕರೆ ಎಲ್ಲವೂ ಸೇರಿ ದಿನದ ಶಕ್ತಿಯಲ್ಲಿ ಶೇಕಡ 10ನ್ನು ಮೀರಬಾರದು. ಶೇಕಡ 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳಿತು. ಸಾಧಾರಣ ಆಹಾರದ ವಯಸ್ಕನಿಗೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಒಂದೇ ಬಾಟಲಿಯಿಂದ ಎರಡನೆಯ ಮಿತಿ ದಾಟಿಹೋಗುತ್ತದೆ. ಮೇಲಾಗಿ ಕುಡಿದ ಸಕ್ಕರೆ ತಿಂದ ಅನ್ನದಂತೆ ಹೊಟ್ಟೆ ತುಂಬಿದ ತೃಪ್ತಿಯನ್ನು ಕೊಡುವುದಿಲ್ಲ. ಊಟ ಎಂದಿನಂತೆ ನಡೆದೇ ನಡೆಯುತ್ತದೆ. ಕೋಲಾದಲ್ಲಿರುವ ಫಾಸ್ಫಾರಿಕ್ ಆಮ್ಲವು ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಸವೆಸುವುದೊಂದು ಬೇರೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಮಿಕ್ಕ ಮಂದಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಅದೆಲ್ಲಕ್ಕೂ ಬಾಟಲಿಯೇ ಕಾರಣವೆಂದರೆ ಅನ್ಯಾಯವಾದೀತು. ಆಹಾರ, ದುಡಿಮೆ, ವಂಶ ಮುಂತಾದ ಹಲವು ಕಾರಣಗಳುಂಟು. ಆದರೆ ತೊರೆಯಲು ಅತ್ಯಂತ ಸುಲಭವಾದುದು ಈ ಒಂದು ಸಕ್ಕರೆಯೇ. ‘ಸಕ್ಕರೆರಹಿತ’ ಎಂಬ ಬಾಟಲಿಗಳಿಗೆ ಮೊರೆಹೋಗೋಣವೆಂದರೆ, ತೂಕವನ್ನು ಹತೋಟಿಯಲ್ಲಿಡಲು ಕೃತಕ ಸಿಹಿಗಳನ್ನು ನೆಚ್ಚಬಾರದೆಂದು ಅದೇ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಾಗಾದರೆ ಬಾಯಾರಿದವನು ಕುಡಿಯುವುದೇನನ್ನು? ಉತ್ತರಕ್ಕಾಗಿ ಯಲಿಯೂರಿನಿಂದ ಬಹುದೂರ ಹೋಗಬೇಕಾಗಿಲ್ಲ.

ಮಜ್ಜಿಗೆ ಎಂಬ ಮರ್ಯಾದೆ

ಮಂಡ್ಯದ ಕಡೆಯ ಹಳ್ಳಿಯಲ್ಲಿ ಬಿಸಿಲಲ್ಲಿ ಬಂದವರು ಜಗುಲಿಯ ಮೇಲೆ ಕುಳಿತು, “ಅವ್ವ, ಒಸಿ ನೀರು ಕೊಡಿ” ಎಂದು ಕೇಳಿದರೆ, “ಬರೀ ನೀರು ಯಾಕಪ್ಪ, ಮಜ್ಜಿಗೆ ಕುಡಿ” ಎಂಬ ಉತ್ತರ ಬರುವುದು ವಾಡಿಕೆ. ಇಲ್ಲವಾದರೆ ನೀರಿನೊಂದಿಗೆ ಬೆಲ್ಲದ ಚೂರೊಂದು ಬರುತ್ತಿತ್ತು. ಬಂದವರಿಗೆ ಬರಿಯ ನೀರನ್ನು ಕೊಡುವುದು ಮನೆಯ ಮರ್ಯಾದೆಗೆ ಕುಂದೆಂಬ ಭಾವನೆ ಅದು.

ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕೊಬ್ಬು ಅತ್ಯಲ್ಪ. ಸೇರಿಸಿದ ಸಕ್ಕರೆ ಸೊನ್ನೆ. ಹಾಲಿನ ಸುಣ್ಣದ ಅಂಶ ಉಳಿದಿರುತ್ತದೆ. ಹೆಪ್ಪಿನ ಜೀವಾಣುಗಳು ಹಾಲಿನ ಸಕ್ಕರೆಯ ಒಂದು ಭಾಗವನ್ನು ಆಗಲೇ ಹುಳಿಯಾಗಿ ಮಾರ್ಪಡಿಸಿರುವುದರಿಂದ ಹಾಲು ಒಗ್ಗದ ಅನೇಕರಿಗೂ ಮಜ್ಜಿಗೆ ಒಗ್ಗುತ್ತದೆ. ಬೆವರಿನಲ್ಲಿ ಹೊರಟುಹೋದ ನೀರು ಮತ್ತು ಉಪ್ಪು ಎರಡೂ ಒಂದೇ ಲೋಟದಲ್ಲಿ ಮರಳಿ ಬರುತ್ತವೆ. ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ಚಿಟಿಕೆ ಇಂಗು ಬಿದ್ದರೆ ಅದರ ರುಚಿಗೆ ಸಾಟಿಯಿಲ್ಲ. ರಕ್ತದೊತ್ತಡವಿರುವವರು ಉಪ್ಪನ್ನು ತಗ್ಗಿಸಿಕೊಂಡರೆ ಸಾಕು.

ಈ ಹಳೆಯ ಪಾನೀಯ ಹೊಸ ಕಾಲದ ಅಂಗಡಿಯಲ್ಲೂ ನಿಲ್ಲಬಲ್ಲುದೆಂಬುದಕ್ಕೆ ನಿದರ್ಶನ ಹತ್ತಿರದಲ್ಲೇ ಇದೆ. ಮಂಡ್ಯ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಒಕ್ಕೂಟದ ಡೈರಿ ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿದೆ. ಹಳ್ಳಿಹಳ್ಳಿಯ ಹಾಲು ಇಂಥ ಒಕ್ಕೂಟಗಳ ಮೂಲಕ ಹರಿದು, ನಂದಿನಿ ಹೆಸರಿನಲ್ಲಿ ಮಸಾಲೆ ಮಜ್ಜಿಗೆಯ ಸಣ್ಣ ಪೊಟ್ಟಣವಾಗಿ ನಾಡಿನ ಬಸ್ ನಿಲ್ದಾಣಗಳಲ್ಲಿ ದೊರೆಯುತ್ತಿದೆ. ಬಾಯಾರಿದವನ ಕೈಗೆಟುಕುವ ಜಾಗದಲ್ಲಿ, ಅವನ ಕೈಗೆಟುಕುವ ಬೆಲೆಯಲ್ಲಿ, ತಣ್ಣಗೆ, ಶುಚಿಯಾಗಿ ಇಟ್ಟರೆ ಜನರು ಮಜ್ಜಿಗೆಯನ್ನು ಕೊಳ್ಳುತ್ತಾರೆ.

ರಾಗಿ ಅಂಬಲಿ

ಮಜ್ಜಿಗೆಯ ಜೊತೆಗಾರ ಅಂಬಲಿ. ಎರಡು ಚಮಚ ರಾಗಿಹಿಟ್ಟನ್ನು ಗಂಟಿಲ್ಲದಂತೆ ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹೊಯ್ದು, ಕೈಬಿಡದೆ ತಿರುವಿ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿದರೆ ಒಂದು ದೊಡ್ಡ ಲೋಟ ಅಂಬಲಿ ಸಿದ್ಧ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಕ್ಕಿ ಗೋಧಿಗಳಲ್ಲಿ ಅದರ ಹತ್ತಿರ ಬರುವಷ್ಟೂ ಇಲ್ಲ. ಉಳುವವನು ಬೆಳಗಿನ ಹೊತ್ತು ಅಂಬಲಿ ಕುಡಿದು ಗದ್ದೆಗಿಳಿದರೆ ನಡುಹಗಲಿನವರೆಗೆ ಹಸಿವೂ ಇಲ್ಲ, ದಾಹವೂ ಇಲ್ಲ.

ಈ ರಾಗಿಗೂ ಮಂಡ್ಯಕ್ಕೂ ಇನ್ನೊಂದು ನಂಟಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿಯು ಇಂಡಿಯಾದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ಬಡವರ ಧಾನ್ಯದ ಇಳುವರಿ ಹೆಚ್ಚಿತು. ಆದರೆ ಆ ಧಾನ್ಯದ ಪಾನೀಯಕ್ಕೆ ಬಹುಕಾಲ ಅಂತಸ್ತು ದೊರೆಯಲಿಲ್ಲ. ಅಂಬಲಿ ಕುಡಿದೆನೆಂದು ಹೇಳಿಕೊಳ್ಳಲು ಓದಿದವರು ನಾಚಿದರು. ಈಗ ಕಾಲ ತಿರುಗುತ್ತಿದೆ. 2024ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವ ಯೋಜನೆ ಆರಂಭವಾಗಿದೆ.

ಕಲ್ಪವೃಕ್ಷದ ಎರಡು ರಸ

ತೆಂಗಿನ ಮರ ಎರಡು ಪಾನೀಯಗಳನ್ನು ಕೊಡುತ್ತದೆ: ಒಂದು ಎಳನೀರು, ಮತ್ತೊಂದು ನೀರಾ.

ಎಳನೀರಿನ ರಾಜಧಾನಿ ಮದ್ದೂರು. ಅಲ್ಲಿಯ ಕೃಷಿ ಮಾರುಕಟ್ಟೆ ಎಳನೀರಿನ ವ್ಯಾಪಾರಕ್ಕೆ ನಾಡಿನಲ್ಲೇ ಹೆಸರಾದುದು. ಸುತ್ತಲಿನ ತಾಲೂಕುಗಳಿಂದ ಬಂದ ಕಾಯಿಗಳ ರಾಶಿ ಲಾರಿಗಳನ್ನೇರಿ ಮುಂಬಯಿ, ದೆಹಲಿ ಮುಂತಾದ ದೂರದ ನಗರಗಳಿಗೆ ಸಾಗುತ್ತದೆ. ಆರೇಳು ತಿಂಗಳ ಕಾಯಿಯ ನೀರಿನಲ್ಲಿ ಸಕ್ಕರೆ ಸಾಮಾನ್ಯವಾಗಿ ಶೇಕಡ 5ನ್ನು ಮೀರುವುದಿಲ್ಲ. ಎಂದರೆ ಕೋಲಾದ ಅರ್ಧಕ್ಕೂ ಕಡಿಮೆ. ಪೊಟ್ಯಾಸಿಯಂ ಲವಣ ಹೇರಳ. ಮಚ್ಚಿನ ನಾಲ್ಕು ಏಟಿಗೆ ತೆರೆದುಕೊಳ್ಳುವ ಈ ಬಾಟಲಿಯನ್ನು ತುಂಬಲು ಕಾರ್ಖಾನೆ ಬೇಡ, ತೊಳೆಯಲು ನೀರು ಬೇಡ. ಕುಡಿದ ಮೇಲೆ ಒಳಗಿನ ಗಂಜಿ ತಿನ್ನುವುದಕ್ಕೂ ಆಯಿತು. ಮೂತ್ರಪಿಂಡದ ಕಾಯಿಲೆಯವರಿಗೆ ಮಾತ್ರ ಈ ಪೊಟ್ಯಾಸಿಯಂ ತೊಂದರೆಯನ್ನುಂಟುಮಾಡಬಹುದಾದ್ದರಿಂದ ಅವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಎಳನೀರಿನ ದೋಷ ಒಂದೇ: ಅದು ಭಾರ, ಮತ್ತು ಬೇಗನೆ ಕೆಡುತ್ತದೆ. ಈ ತೊಡಕನ್ನು ಬಿಡಿಸಲು 1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯವು ತೆಂಗು ಅಭಿವೃದ್ಧಿ ಮಂಡಳಿಯ ನೆರವಿನಿಂದ ಎಳನೀರನ್ನು ಕೆಡದಂತೆ ಪೊಟ್ಟಣದಲ್ಲಿಡುವ ವಿಧಾನವನ್ನು ರೂಪಿಸಿತು.

ನೀರಾದ ಕಥೆ ಇಷ್ಟು ಸುಖದ್ದಲ್ಲ. ತೆಂಗಿನ ಎಳೆಯ ಹೊಂಬಾಳೆಯನ್ನು ಕೊಯ್ದಾಗ ಒಸರುವ ಸಿಹಿಯಾದ ರಸವೇ ನೀರಾ. ಹೊಸದಾಗಿ ಇಳಿಸಿದಾಗ ಅದರಲ್ಲಿ ಅಮಲಿಲ್ಲ. ಬಿಸಿಲೇರಿದಂತೆ ಹುಳಿತು ಹೆಂಡವಾಗುತ್ತದೆ. ಆದುದರಿಂದ ಅಬಕಾರಿ ಕಾನೂನು ಅದನ್ನು ಹೆಂಡದ ಸಾಲಿನಲ್ಲೇ ಕೂರಿಸಿತ್ತು. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿರೋಗ ತಗುಲಿ ಕಾಯಿಗಳು ಮುರುಟಿಹೋದವು. ಕಾಯಿಯನ್ನು ನಂಬಿದ ರೈತ ಕಂಗಾಲಾಗಿ, ನೀರಾ ಇಳಿಸಲಾದರೂ ಅನುಮತಿ ಕೊಡಿರೆಂದು ಬೇಡಿದನು. 2001ರಲ್ಲಿ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಈ ಚಳವಳಿ ಪೊಲೀಸರ ಗೋಲಿಬಾರಿನಲ್ಲಿ ಮುಗಿದು ರೈತರು ಪ್ರಾಣ ತೆತ್ತರು. ಅನೇಕ ವರ್ಷಗಳ ತರುವಾಯ ಕಾನೂನು ಸಡಿಲಗೊಂಡು, ನಿಯಮಕ್ಕೊಳಪಟ್ಟು ನೀರಾ ಇಳಿಸಲು ದಾರಿಯಾಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಹೊಂಬಾಳೆಗೆ ಮಂಜುಗಡ್ಡೆಯ ಪೆಟ್ಟಿಗೆಯನ್ನು ಕಟ್ಟಿ, ರಸ ಹುಳಿಯದಂತೆ ಸಂಗ್ರಹಿಸುವ ಉಪಾಯವನ್ನು ಕಂಡುಹಿಡಿದು ಅದಕ್ಕೆ ‘ಕಲ್ಪರಸ’ವೆಂದು ಹೆಸರಿಟ್ಟಿತು. ಒಂದು ಲೋಟ ಪಾನೀಯದ ಹಿಂದೆ ಎಷ್ಟು ಜನರ ಬದುಕು ಅಡಗಿರುತ್ತದೆಂಬುದನ್ನು ವಿಠಲೇನಹಳ್ಳಿ ನೆನಪಿಸುತ್ತದೆ.

ಸಿಹಿಯ ವಿಷಯದಲ್ಲಿ ಒಂದು ಎಚ್ಚರ

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ನಮ್ಮದೆಂಬ ಮಾತ್ರಕ್ಕೆ ಎಲ್ಲ ಪಾನೀಯವೂ ಪಥ್ಯವಲ್ಲ. ಆಲೆಮನೆಯ ಮುಂದೆ ನಿಂತು ಹೊಸ ಕಬ್ಬಿನ ಹಾಲನ್ನು ಕುಡಿಯುವ ಸುಖವನ್ನು ಮಂಡ್ಯದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಸಕ್ಕರೆಯ ಪ್ರಮಾಣದಲ್ಲಿ ಕಬ್ಬಿನ ಹಾಲು ಕೋಲಾಕ್ಕಿಂತ ಕಡಿಮೆಯೇನಲ್ಲ. ನೀರಾ ಕೂಡ ಅದರ ಸಮೀಪಕ್ಕೇ ಬರುತ್ತದೆ. ಬೆಲ್ಲದಲ್ಲಿ ಕಬ್ಬಿಣ ಮುಂತಾದ ಒಂದಿಷ್ಟು ಖನಿಜಗಳಿರುವುದು ನಿಜವಾದರೂ, ಅದು ಸಕ್ಕರೆಯ ಅಣ್ಣನೇ ಹೊರತು ಅನ್ಯನಲ್ಲ. ನೋಟಕ್ಕೆ ಹಳದಿಯಾಗಿರಲೆಂದು ರಾಸಾಯನಿಕ ಹಾಕಿದ ಬೆಲ್ಲಕ್ಕಿಂತ ಕಂದುಬಣ್ಣದ ಬೆಲ್ಲವೇ ಲೇಸು.

ಹಿರಿಯರು ಈ ಸಿಹಿಗಳಿಗೆ ಹೊತ್ತು ಗೊತ್ತು ಇಟ್ಟಿದ್ದರು. ಕಬ್ಬಿನ ಹಾಲು ಆಲೆ ಆಡುವ ಕಾಲಕ್ಕೆ, ಪಾನಕ ರಾಮನವಮಿಗೆ. ಅಂದಿನ ಪಾನಕವೂ ಬೆಲ್ಲವೊಂದರಿಂದಲೇ ಆದುದಲ್ಲ. ಏಲಕ್ಕಿ, ಶುಂಠಿ, ಮೆಣಸು, ನಿಂಬೆಹಣ್ಣು ಸೇರಿ ಸಿಹಿಯನ್ನು ಹತೋಟಿಯಲ್ಲಿಡುತ್ತಿದ್ದವು. ಬಟ್ಟಲಿನಲ್ಲಿ ಪಕ್ಕಕ್ಕೆ ಕೋಸಂಬರಿಯೂ ಮಜ್ಜಿಗೆಯೂ ಇರುತ್ತಿದ್ದವು. ವರ್ಷಕ್ಕೊಮ್ಮೆ ಹಬ್ಬವಾಗಿದ್ದ ಸಿಹಿಯನ್ನು ಬಾಟಲಿ ದಿನನಿತ್ಯದ ಅಭ್ಯಾಸವಾಗಿ ಮಾಡಿತು. ಅನಾಹುತ ಇರುವುದು ಅಲ್ಲಿ.

ಸಿಹಿಯನ್ನು ನೆಚ್ಚದ ಪಾನೀಯಗಳಿಗೆ ಕನ್ನಡನಾಡಿನಲ್ಲಿ ಬಡತನವಿಲ್ಲ. ಕಾಸರಗೋಡು, ದಕ್ಷಿಣ ಕನ್ನಡಗಳ ಮನೆಗಳಲ್ಲಿ ಕೆಂಪನೆಯ ಪುನರ್ಪುಳಿಯ ಸಾರವಿದೆ. ಉತ್ತರ ಕನ್ನಡದಲ್ಲಿ ಮಾವಿನ ಮಿಡಿಯ ಅಪ್ಪೆಹುಳಿಯಿದೆ. ಮಲೆನಾಡಿನಲ್ಲಿ ಬಗೆಬಗೆಯ ಸೊಪ್ಪಿನ ತಂಬುಳಿಗಳಿವೆ. ಬಯಲುಸೀಮೆಯಲ್ಲಿ ನೀರಿನ ಹರವಿಯೊಳಗೆ ಲಾವಂಚದ ಬೇರಿನ ಕಟ್ಟೊಂದನ್ನು ಬಿಟ್ಟರೆ ಬರಿಯ ನೀರೇ ಘಮಘಮಿಸುತ್ತದೆ. ಕಾಮಕಸ್ತೂರಿಯ ಬೀಜ ನೆನೆಸಿದ ನಿಂಬೆನೀರಿಗೆ ಉಪ್ಪೊಂದಿದ್ದರೂ ಸಾಕು.

ಅರವಟ್ಟಿಗೆಯ ನೆನಪು

ಇಷ್ಟೆಲ್ಲ ಇದ್ದೂ ಬಾಟಲಿ ಗೆದ್ದುದೇಕೆ? ರುಚಿಯಿಂದ ಮಾತ್ರವಲ್ಲ, ಅದು ಎಲ್ಲೆಡೆಯೂ ಇದೆ, ಎಲ್ಲ ಹೊತ್ತಿನಲ್ಲೂ ಇದೆ, ತಣ್ಣಗಿದೆ, ಮುಚ್ಚಿದೆ. ಕಬ್ಬಿನ ಗಾಣದ ಸುತ್ತ ನೊಣ ಮುತ್ತಿದ್ದರೆ, ಮಜ್ಜಿಗೆಗೆ ಬೆರೆಸಿದ ನೀರು ಎಲ್ಲಿಯದೆಂದು ತಿಳಿಯದಿದ್ದರೆ, ಲೋಟವನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆದರೆ, ತಾಯಿಯಾದವಳು ಮಗುವಿಗೆ ಬಾಟಲಿಯೇ ಮೇಲೆಂದು ಭಾವಿಸುವುದು ತಪ್ಪೆನ್ನಲಾಗದು. ಅಶುಚಿಯಾದ ನೀರಿನಿಂದ ಹರಡುವ ಕಾಮಾಲೆ, ವಿಷಮಶೀತಜ್ವರಗಳು ಕಲ್ಪಿತವಲ್ಲ.

ಇದರೊಂದಿಗೆ ದಾರಿಯೂ ಬದಲಾಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ವಾಹನಗಳು ಊರುಗಳ ಒಳಗೆ ಕಾಲಿಡದೆ ಸಾಗುತ್ತವೆ. ಹಳೆಯ ರಸ್ತೆಯ ಮರದ ನೆರಳಿನಲ್ಲಿ ಎಳನೀರು ರಾಶಿ ಹಾಕಿಕೊಂಡು ಕುಳಿತಿದ್ದವನ ಮುಂದೆ ನಿಲ್ಲುವ ಕಾರುಗಳು ವಿರಳವಾದವು.

ಹೊರದೇಶಗಳು ಸಕ್ಕರೆ ಪಾನೀಯದ ಮೇಲೆ ತೆರಿಗೆಯ ಅಸ್ತ್ರವನ್ನು ಹೂಡಿವೆ. ಮೆಕ್ಸಿಕೋ 2014ರಲ್ಲಿ, ಬ್ರಿಟನ್ 2018ರಲ್ಲಿ ಇಂಥ ತೆರಿಗೆಯನ್ನು ತಂದವು. ಭಾರತದಲ್ಲಿಯೂ ಅನಿಲ ತುಂಬಿದ ಸಿಹಿ ಪಾನೀಯಗಳಿಗೆ ಶೇಕಡ 40 ತೆರಿಗೆಯುಂಟು. ಆದರೆ ತೆರಿಗೆ ಬಾಟಲಿಯ ಬೆಲೆಯನ್ನು ಏರಿಸೀತೇ ಹೊರತು, ಮಗುವಿನ ಕೈಗೆ ಮಜ್ಜಿಗೆಯ ಲೋಟವನ್ನು ಕೊಡಲಾರದು. ಅದನ್ನು ಊರೇ ಮಾಡಬೇಕು.

ಊರು ಇದನ್ನು ಹಿಂದೆ ಮಾಡಿಯೂ ಇತ್ತು. ದಾರಿಹೋಕರಿಗೆ ಉಚಿತವಾಗಿ ನೀರು ಮಜ್ಜಿಗೆಗಳನ್ನು ಕೊಡುವ ಅರವಟ್ಟಿಗೆಯನ್ನು ಇಡುವುದು ಪುಣ್ಯವೆಂದು ನಂಬಿದ ನಾಡಿದು. ಅರವಂಟಿಗೆಗಾಗಿ ಬಿಟ್ಟ ದತ್ತಿಗಳನ್ನು ಹಳೆಯ ಶಾಸನಗಳು ಹೇಳುತ್ತವೆ. ಇಂದಿಗೂ ಜಾತ್ರೆ, ತೇರುಗಳ ದಿನ ಚಪ್ಪರ ಹಾಕಿ ಪಾನಕ ಮಜ್ಜಿಗೆ ಹಂಚುವ ತರುಣರಿದ್ದಾರೆ. ಆ ಒಂದು ದಿನದ ಧರ್ಮವನ್ನು ಬೇಸಿಗೆಯ ಮೂರು ತಿಂಗಳಿಗೆ ವಿಸ್ತರಿಸುವುದು ಅಸಾಧ್ಯವೇ? ಕಾಸಿ ಆರಿಸಿದ ನೀರು, ಮುಚ್ಚಳವಿರುವ ಮಣ್ಣಿನ ಹರವಿ, ತೊಳೆದ ಲೋಟಗಳು, ನೆರಳಿನ ಚಪ್ಪರ: ಇದಕ್ಕೆ ಬೇಕಾದುದು ಇಷ್ಟೇ. ಮಹಿಳಾ ಸಂಘದವರು ಅಲ್ಪ ಬೆಲೆಗೆ ಮಾರಿದರೆ ನಾಲ್ಕು ಕಾಸಿನ ಸಂಪಾದನೆಯೂ ಆದೀತು. ಶಾಲೆಯ ಮುಂದಿನ ಅಂಗಡಿಯವನು ಬಾಟಲಿಗಳ ಸಾಲಿನಲ್ಲಿ ಮಜ್ಜಿಗೆಯ ಪೊಟ್ಟಣಕ್ಕೆ ಒಂದು ಹಲಗೆಯನ್ನು ಬಿಟ್ಟುಕೊಟ್ಟರೂ ಅದು ದೊಡ್ಡ ಉಪಕಾರ.

ಮನೆಯಲ್ಲಿ ಪಾಲಿಸಬೇಕಾದ ಕ್ರಮವೂ ಕಠಿಣವಲ್ಲ. ದಿನದ ಬಾಯಾರಿಕೆಗೆ ನೀರು, ಮಜ್ಜಿಗೆ, ತೆಳ್ಳನೆಯ ಅಂಬಲಿ, ಬಿಸಿಲಿನ ಬಳಲಿಕೆಗೆ ಎಳನೀರು, ಹಬ್ಬಕ್ಕೆ ಪಾನಕ, ಆಲೆಮನೆಗೆ ಹೋದಾಗ ಕಬ್ಬಿನ ಹಾಲು. ಬಾಟಲಿ ಎಂದೋ ಒಮ್ಮೆ ಬಂದರೆ ಅತಿಥಿಯಂತೆ ಬಂದು ಹೋಗಲಿ, ಮನೆಯವನಂತೆ ಉಳಿಯದಿರಲಿ.

ಮುಂದಿನ ಬೇಸಿಗೆಯಲ್ಲೂ ಪ್ಯಾಸೆಂಜರ್ ಗಾಡಿ ಯಲಿಯೂರಿನಲ್ಲಿ ನಿಲ್ಲುವುದು, ಬಾಯಾರಿದವರು ಇಳಿಯುವರು. ನಿಲ್ದಾಣದಿಂದ ಊರಿಗೆ ಹೋಗುವ ದಾರಿಯ ಮರದ ಕೆಳಗೆ ಒಂದು ಹರವಿ ಇದ್ದು, “ಬಾರಪ್ಪ, ಬಿಸ್ಲಲ್ಲಿ ಬಂದಿದ್ದೀಯೆ, ಮಜ್ಜಿಗೆ ಕುಡಿದು ಹೋಗು” ಎಂಬ ಕರೆ ಕೇಳಿಸಿದರೆ, ಅವರಲ್ಲಿ ಅಂಗಡಿಯ ಫ್ರಿಜ್ಜಿನವರೆಗೆ ನಡೆಯುವವರು ಎಷ್ಟು ಮಂದಿ ಉಳಿದಾರು?